ಎರಡೆರಡು ಸರಿ, ಮೂರು ಸೇರಿದರೆ?

"ಇದರಿಂದ ಎಂತ ಉಪಯೋಗ ಮಾರಾಯ್ರೆ?" ಜಿನೀವಾದ ಹತ್ತಿರ ನೆಲದಡಿಯ 27 ಕಿಲೋಮೀಟರ್ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಸುದ್ದಿ ಬಂದಾಗಲೆಲ್ಲ ಮಣ್ಣಗುಡ್ಡದ ನಮ್ಮ ಚಾ ಟೇಬಲ್ಲಿನಲ್ಲಿ ಈ ಪ್ರಶ್ನೆ ಗ್ಯಾರಂಟಿ. ಕೇಳುವವರು ನನ್ನ ಹಾಗೆ ಬಿ.ಇ. ಮಾಡಿದವರೇ. ಇನ್ನೊಂದು ಮಾತು ಇದಕ್ಕಿಂತ ಕಿರಿಕಿರಿ: "2012ರಲ್ಲಿ ದೇವಕಣ ಸಿಕ್ಕಿತಲ್ಲ, ಇನ್ನೆಂತ ಬಾಕಿ ಉಂಟು?"

ಬಾಕಿ ಉಂಟು. ಮೂರು ಪ್ರೋಟಾನ್ ತೀರಾ ಹತ್ತಿರ ಬಂದರೆ ಏನಾಗುತ್ತದೆ ಎಂಬುದೇ ಪೂರ್ತಿ ಗೊತ್ತಿಲ್ಲ.

ನಮ್ಮ ಕೆಲಸದಲ್ಲಿ ಇದು ಹೊಸತಲ್ಲ. ಮೂರು ಸರ್ವಿಸ್‌ಗಳನ್ನು ಎರಡೆರಡಾಗಿ ಟೆಸ್ಟ್ ಮಾಡಿದರೆ ಎಲ್ಲ ಪಾಸ್. ಮೂರನ್ನೂ ಒಟ್ಟಿಗೆ ಲೈವ್ ಬಿಟ್ಟರೆ ರಾತ್ರಿ ಎರಡು ಗಂಟೆಗೆ ಫೋನು. ಟ್ರಿಟಿಯಂ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್. ಅದನ್ನು ಪೂರ್ತಿ ಬಿಡಿಸಲು ಸುಮಾರು 8.5 ಎಂಇವಿ ಶಕ್ತಿ ಬೇಕು. ಎರಡೆರಡರ ನಡುವಿನ ಬಲವನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಪ್ರಮುಖ ಮಾದರಿಗಳಲ್ಲಿ ಉತ್ತರ ಕಡಿಮೆ ಬೀಳುತ್ತದೆ. ಮೂರನೆಯದು ಹತ್ತಿರ ಇದ್ದಾಗ ಮಾತ್ರ ಹುಟ್ಟುವ ಬಲವನ್ನೂ ಸೇರಿಸಬೇಕು.

ಸರ್ನ್‌ನ ಆಲಿಸ್ ಪ್ರಯೋಗದವರು ಡಿಕ್ಕಿಯಿಂದ ಸಿಡಿದ ಕಣಗಳಲ್ಲಿ ಹತ್ತಿರ ಹತ್ತಿರದ ವೇಗದಲ್ಲಿ ಹೊರಟ ಮೂರು ಮೂರು ಪ್ರೋಟಾನ್‌ಗಳನ್ನು ಆರಿಸಿದರು. ಜೋಡಿಗಳ ಪರಿಣಾಮವನ್ನು ಕಳೆದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಳೆದ ಮೇಲೂ ಉಳಿಕೆ ಇತ್ತು, 6.7 ಸಿಗ್ಮಾದಷ್ಟು. ಅದೆಲ್ಲ ಮೂರರ ಬಲವೇ ಅಲ್ಲ, ಒಂದೇ ಥರದ ಪ್ರೋಟಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂಬ ಪೌಲಿ ನಿಯಮದ ಪಾಲೂ ಅದರಲ್ಲುಂಟು. ಎರಡು ಪ್ರೋಟಾನ್ ಜೊತೆ ಒಂದು ಲ್ಯಾಂಬ್ಡಾ ಕಣ ಇಟ್ಟು ನೋಡಿದಾಗ ಸ್ಪಷ್ಟ ಸುಳಿವು ಸಿಗಲಿಲ್ಲ. ಡೇಟಾ ಸಾಲದು. ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿ ಲ್ಯಾಂಬ್ಡಾ ಹುಟ್ಟಿದರೆ ಅದು ಮೆತ್ತಗಾಗಿ, ಸೂರ್ಯನ ಎರಡರಷ್ಟು ತೂಕ ತಾಳಬಾರದು. ಅಂಥ ನಕ್ಷತ್ರ 2010ರಲ್ಲೇ ಸಿಕ್ಕಿದೆ! ಈ ಒಗಟಿನ ಬೀಗದ ಕೈ ಇಲ್ಲೇ ಇರಬಹುದು.

ಇದೆಲ್ಲ ಫಾರಿನ್ನವರ ಶೋಕಿ ಅನ್ನುವವರು ಕೇಳಿ. ಆ ಸುರಂಗದ 1232 ದೊಡ್ಡ ಆಯಸ್ಕಾಂತಗಳು, ತಲಾ 35 ಟನ್, ಕೂತಿರುವ ಜಾಕ್‌ಗಳು ಬೆಂಗಳೂರಿನ ಅವಸರಾಲ ಮತ್ತು ಇಂದೋರಿನ ಟೂಲ್ ರೂಮಿನಲ್ಲಿ ತಯಾರಾದವು. (ಒಂದೊಂದರ ಕೆಳಗೆ ಮೂರು ಜಾಕ್. ಇಲ್ಲೂ ಮೂರೇ.) 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ. ಬಾಗಿಲು ತೆರೆದೇ ಉಂಟು, ನಾವು ಮಕ್ಕಳನ್ನು ಹೊಸ್ತಿಲಲ್ಲೇ ತಡೆಯುತ್ತೇವೆ.

ಪಿಯುಸಿಯಲ್ಲಿ ಫಿಸಿಕ್ಸಿಗೆ ಒಳ್ಳೆ ಮಾರ್ಕು ತೆಗೆದ ಹುಡುಗಿ ಬಿಎಸ್ಸಿ ಅಂದರೆ ಮನೆಯಲ್ಲಿ ಸೂತಕ. ಬುದ್ಧಿ ಹೇಳಲು ಕರೆಸುವುದು ಯಾರನ್ನು? ನಮ್ಮನ್ನೇ, ಸಾಫ್ಟ್‌ವೇರಿನವರನ್ನು! ಸಂಬಳದ ಚಿಂತೆ ಸುಳ್ಳಲ್ಲ, ಸಂಶೋಧನೆಯ ದಾರಿ ಉದ್ದ, ಸ್ಟೈಪೆಂಡ್ ಸಣ್ಣದು. ಅದನ್ನು ಅವಳಿಗೆ ನೇರ ಹೇಳಿ, ಆಮೇಲೆ ಅವಳೇ ತೀರ್ಮಾನಿಸಲಿ. "ಅದರಲ್ಲಿ ಎಂತ ಉಂಟು" ಅಂತ ಮಾತ್ರ ಹೇಳಬೇಡಿ, ಅದು ಸುಳ್ಳು. ಊರಿಂದ ಚಿಕ್ಕಮ್ಮ ನನ್ನನ್ನೂ ಕರೆಸಿದ್ದರು. ನಾನು ಹೋಗಿ ಹುಡುಗಿಯ ಪರವಾಗಿ ಮಾತಾಡಿ ಬಂದೆ. ಚಿಕ್ಕಮ್ಮ ಈಗಲೂ ನನ್ನ ಫೋನ್ ಎತ್ತುವುದಿಲ್ಲ.