ಮೆಮೊರಿ ಕಾರ್ಡ್ ತುರುಕಿದ್ರೆ ಲ್ಯಾಪ್‌ಟಾಪ್ ಓಡಲ್ಲ ಮಾರಾಯ್ರೆ!

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಆಫೀಸು, ಡೆಡ್‌ಲೈನು ಅಂತ ನೆಪ ನೂರು ಉಂಟು, ಬಿಡಿ. ಇವತ್ತು ಬರೀತಿರೋದು ಸ್ವಲ್ಪ ಸಿಟ್ಟಿನಿಂದ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ.

ಕಳೆದ ವಾರ ಊರಿಗೆ, ಅಂದ್ರೆ ಕಾಪುವಿಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು ಬಿಕಾಂ ಎರಡನೇ ವರ್ಷ. ಇಂಜಿನಿಯರಿಂಗ್ ಮುಗಿದ ಮೇಲೆ ನಾನು ಬಿಟ್ಟುಕೊಟ್ಟ ಲ್ಯಾಪ್‌ಟಾಪ್ ಈಗ ಅವಳದು. ನಾಲ್ಕು ಜಿಬಿ ರ್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ ೧೦. ಆನ್ ಮಾಡಿ ಒಂದು ಚಾ ಕುಡಿದು ಬಂದ್ರೂ ಇನ್ನೂ ಚಕ್ರ ತಿರುಗ್ತಾನೇ ಇರ್ತದೆ. ನೋಡಿದ್ರೆ ಪಕ್ಕದ ಸ್ಲಾಟಿನಲ್ಲಿ ಹೊಸಾ ೬೪ ಜಿಬಿ ಮೆಮೊರಿ ಕಾರ್ಡ್.

"ಇದು ಎಂತಕ್ಕೆ?" ಅಂದೆ.

"ಅಣ್ಣ, ಸ್ಪೀಡ್ ಆಗ್ತದೆ ಅಂತ ಗ್ರೂಪಿಗೆ ನೀನೇ ಹಾಕಿದ್ದಲ್ವಾ?"

ಹೌದು, ಹಾಕಿದ್ದೆ. "ಮೆಮೊರಿ ಕಾರ್ಡನ್ನೇ ರ್ಯಾಮ್ ಆಗಿ ಬಳಸಿ, ನಿಧಾನ ಲ್ಯಾಪ್‌ಟಾಪನ್ನು ವೇಗಗೊಳಿಸಿ" ಅಂತ ಯಾರೋ ಕನ್ನಡದಲ್ಲಿ ಬರೆದದ್ದನ್ನು, ಕನ್ನಡದಲ್ಲಿದೆ ಅನ್ನೋ ಖುಷಿಗೇ ಪೂರ್ತಿ ಓದದೆ ಫ್ಯಾಮಿಲಿ ಗ್ರೂಪಿಗೆ ದೂಡಿದ್ದೆ. ಆ ಹುಡುಗಿ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ಆರು ನೂರು ರೂಪಾಯಿ ಕೊಟ್ಟು ಕಾರ್ಡ್ ತಂದಿದ್ದಾಳೆ. ಮೂರು ಸಲ ಕಾರ್ಡ್ ಹಾಕಿ, ಮೂರು ಸಲ ತೆಗೆದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸವೇ ಗೊತ್ತಾಗ್ಲಿಲ್ಲ.

ಈ ಉಪಾಯ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಇದರ ಹೆಸರು ರೆಡಿಬೂಸ್ಟ್. ೨೦೦೭ರಲ್ಲಿ ವಿಂಡೋಸ್ ವಿಸ್ತಾದ ಜೊತೆ ಮೈಕ್ರೋಸಾಫ್ಟ್ ತಂದದ್ದು. ನಾನಾಗ ಪ್ರೈಮರಿ ಶಾಲೆಯಲ್ಲಿ ಮಗ್ಗಿ ಹೇಳ್ತಿದ್ದೆ :-) ೫೧೨ ಎಂಬಿ ರ್ಯಾಮ್ ಇದ್ದ ಯಂತ್ರಗಳ ಮೇಲೆ ವಿಸ್ತಾದಂಥ ಭಾರ ಹೇರಿದ್ರೆ ಅವು ಏದುಸಿರು ಬಿಡ್ತಿದ್ವು. ಅಂಥವಕ್ಕೆ ಆಗ ಇದರಿಂದ ನಿಜವಾಗಿಯೂ ಒಂದಿಷ್ಟು ಉಪಕಾರ ಆಗ್ತಿತ್ತು.

ಹೇಗೆ ಅಂತ ನಮ್ಮ ಊರಿನ ದೀಪಸ್ತಂಭದ ಲೆಕ್ಕದಲ್ಲೇ ಹೇಳ್ತೇನೆ. ೧೯೦೧ರಲ್ಲಿ ಕಟ್ಟಿದ ಕಾಪು ಲೈಟ್‌ಹೌಸ್ ನಿಮಗೆ ಗೊತ್ತಲ್ವಾ? ಕಡಲಲ್ಲಿರೋ ದೋಣಿಯವ ಅದರ ಬೆಳಕು ಮತ್ತೆ ಕಾಣುವವರೆಗೆ ಕಾಯ್ಬೇಕು. ಹಾರ್ಡ್ ಡಿಸ್ಕೂ ಹಾಗೆಯೇ. ಅದರ ತಟ್ಟೆ ನಿಮಿಷಕ್ಕೆ ೫೪೦೦ ಸುತ್ತು ತಿರುಗಿದ್ರೆ ಒಂದು ಸುತ್ತಿಗೆ ಸುಮಾರು ೧೧ ಮಿಲಿಸೆಕೆಂಡ್. ನಮಗೆ ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯ್ಬೇಕು, ಅದಕ್ಕೂ ಮುಂಚೆ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ಚೂರುಚೂರಾಗಿ ಚದುರಿದ ಫೈಲುಗಳನ್ನು ಓದುವಾಗ ಈ ಕಾಯುವಿಕೆಯೇ ನಮ್ಮನ್ನು ಕೊಲ್ಲೋದು. ಮೆಮೊರಿ ಕಾರ್ಡಿನಲ್ಲಿ ತಿರುಗುವುದು ಏನೂ ಇಲ್ಲ, ಹಾಗಾಗಿ ಸಣ್ಣ ಚೂರುಗಳು ಬೇಗ ಸಿಗ್ತವೆ. ಮುಂದೆ ಬೇಕಾಗಬಹುದಾದ ಚೂರುಗಳ ನಕಲನ್ನು ವಿಂಡೋಸ್ ಕಾರ್ಡಿನಲ್ಲಿ ಇಟ್ಟುಕೊಳ್ತದೆ. ರೆಡಿಬೂಸ್ಟ್ ಅಂದ್ರೆ ಇಷ್ಟೇ.

ಗಮನಿಸಿ, ಅದು ನಕಲು. ರ್ಯಾಮ್ ಅಲ್ಲ!

ರ್ಯಾಮ್ ಅಂದ್ರೆ ಅಡುಗೆಮನೆಯ ಕಟ್ಟೆ, ಹಾರ್ಡ್ ಡಿಸ್ಕ್ ಅಂದ್ರೆ ಏಣಿ ಹತ್ತಿ ಹೋಗುವ ಅಟ್ಟ ಅಂದ್ಕೊಳ್ಳಿ. ಕಟ್ಟೆ ಸಣ್ಣದಾದ್ರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಅಟ್ಟಕ್ಕೆ ಸಾಗಿಸಬೇಕು. ರೆಡಿಬೂಸ್ಟ್ ಕಾರ್ಡ್ ಏಣಿಯ ಬುಡದಲ್ಲಿಟ್ಟ ಒಂದು ಬುಟ್ಟಿ. ಕೆಲವು ಸಾಮಾನು ಕೆಳಗೇ ಸಿಗಬಹುದು. ಆದ್ರೆ ಕಟ್ಟೆ ಒಂದು ಇಂಚೂ ದೊಡ್ಡದಾಗುವುದಿಲ್ಲ, ಬರೆಯಬೇಕಾದ್ದೆಲ್ಲ ಅಟ್ಟಕ್ಕೆ ಹೋಗಿಯೇ ಹೋಗ್ಬೇಕು. ಅದಕ್ಕೇ ಕಾರ್ಡನ್ನು ಮಧ್ಯದಲ್ಲಿ ಕಿತ್ತರೂ ನಿಮ್ಮ ಫೈಲಿಗೆ ಏನೂ ಆಗಲ್ಲ. ವೇಗದ ಮಾತಿಗೆ ಬಂದ್ರೂ, ರ್ಯಾಮ್ ಲೆಕ್ಕ ಹಾಕೋದು ನ್ಯಾನೊಸೆಕೆಂಡಿನಲ್ಲಿ. ಅದರ ಎದುರು ಕಾರ್ಡ್ ಸಾವಿರಾರು ಪಟ್ಟು ನಿಧಾನ.

"ಆದ್ರೆ ನಂಗೆ ವ್ಯತ್ಯಾಸ ಗೊತ್ತಾಯ್ತಲ್ಲ" ಅನ್ನುವವರು ಇದ್ದೇ ಇರ್ತಾರೆ. ಸ್ವಾಮಿ, ಕಾರ್ಡ್ ಹಾಕಿದ ದಿನವೇ ನೀವು ಬೇಡದ ಪ್ರೋಗ್ರಾಮ್ ತೆಗೆದು, ರೀಸ್ಟಾರ್ಟ್ ಕೂಡ ಮಾಡಿರ್ತೀರಿ. ಔಷಧಿಯ ಜೊತೆ ಪಥ್ಯವನ್ನೂ ಮಾಡಿ, ಪೂರ್ತಿ ಪುಣ್ಯ ಔಷಧಿಗೆ ಕೊಟ್ಟ ಹಾಗೆ ಇದು.

"ಕ್ಲಾಸ್ ೧೦ ಕಾರ್ಡ್ ತಗೊಳ್ಳಿ" ಅನ್ನುವವರದ್ದು ಇನ್ನೊಂದು ತಮಾಷೆ. ಆ ಹತ್ತು ಅಂದ್ರೆ ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ ಕನಿಷ್ಠ ೧೦ ಎಂಬಿ ಅಂತ. ಅದು ವಿಡಿಯೋ ಹಿಡಿಯೋ ಕ್ಯಾಮೆರಾಗೆ ಹೇಳಿದ ಲೆಕ್ಕ. ಚದುರಿದ ಚೂರುಗಳನ್ನು ಓದುವ ವೇಗದ ಬಗ್ಗೆ ಆ ಗುರುತು ಏನನ್ನೂ ಹೇಳೋದಿಲ್ಲ. ೬೪ ಜಿಬಿ ತಂದ್ರೂ ರೆಡಿಬೂಸ್ಟ್ ಒಂದು ಕಾರ್ಡಿನಲ್ಲಿ ಹೆಚ್ಚೆಂದ್ರೆ ೩೨ ಜಿಬಿ ಬಳಸ್ತದೆ. ಉಳಿದರ್ಧಕ್ಕೆ ಕೊಟ್ಟ ದುಡ್ಡು ಸಮುದ್ರಕ್ಕೆ.

ಹೋಗ್ಲಿ, ಇದನ್ನು ಹುಟ್ಟಿಸಿದವರೇ ಏನಂತಾರೆ? ವಿಂಡೋಸ್ ೭ ಕಾಲದಿಂದಲೇ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದ್ರೆ, ಇದು ಸಾಕಷ್ಟು ವೇಗವಾಗಿದೆ, ರೆಡಿಬೂಸ್ಟ್‌ನಿಂದ ಪ್ರಯೋಜನ ಆಗಲಿಕ್ಕಿಲ್ಲ ಅಂತ ವಿಂಡೋಸೇ ಹೇಳಿ ಬಾಗಿಲು ಹಾಕ್ತಿತ್ತು. ೨೦೨೨ರಲ್ಲಿ ಬಂದ ವಿಂಡೋಸ್ ೧೧ರ ೨೨ಎಚ್೨ ಆವೃತ್ತಿಯಲ್ಲಿ ರೆಡಿಬೂಸ್ಟನ್ನು ತೆಗೆದೇ ಹಾಕಿದ್ರು. ಹೆತ್ತವರೇ ಬಿಟ್ಟ ಕೂಸನ್ನು ನಾವು ಕನ್ನಡದಲ್ಲಿ ಇನ್ನೂ ತೊಟ್ಟಿಲಲ್ಲಿಟ್ಟು ತೂಗ್ತಾ ಇದ್ದೇವೆ!

ಈಗ ನನ್ನ ಅಸಲಿ ಜಗಳಕ್ಕೆ ಬರ್ತೇನೆ. ಅದು ನಮ್ಮ ಜೊತೆಗೇ, ಕನ್ನಡದಲ್ಲಿ ಟೆಕ್ನಾಲಜಿ ಬಗ್ಗೆ ಬರೆಯುವವರ ಜೊತೆಗೆ. ಇಂಗ್ಲೀಷಿನಲ್ಲಿ ಒಬ್ಬ ತಪ್ಪು ಬರೆದ್ರೆ ಅದನ್ನು ತಿದ್ದಲಿಕ್ಕೆ ಹತ್ತು ಪುಟ ಸಿಗ್ತವೆ. ಕನ್ನಡದಲ್ಲಿ ಹುಡುಕಿದವನಿಗೆ ಸಿಗೋದು ಒಂದೋ ಎರಡೋ, ಅವೂ ಒಂದರ ನಕಲು ಇನ್ನೊಂದು. ಅವನು ನಂಬ್ತಾನೆ. ಯಾಕಂದ್ರೆ ಮನೆ ಭಾಷೆಯಲ್ಲಿ ಹೇಳಿದವ ಮನೆಯವನೇ ಅನ್ನೋ ಭಾವ. ಹೀಗೆ ಹುಡುಕುವವರು ಹೊಸ ಲ್ಯಾಪ್‌ಟಾಪ್ ಕೊಳ್ಳಲು ಆಗದವರೇ ಅಲ್ವಾ? ಆಗುವವರು ಉಪಾಯ ಹುಡುಕೋದಿಲ್ಲ, ಅಂಗಡಿಗೆ ಹೋಗ್ತಾರೆ. ಅಂದ್ರೆ ನಾವು ಪರೀಕ್ಷೆ ಮಾಡದೆ ಅನುವಾದಿಸಿದ ಒಂದು ಟಿಪ್ ಯಾರ ಜೇಬಿಗೆ ಕೈ ಹಾಕ್ತಾ ಇದೆ ಅಂತ ಯೋಚಿಸಿ. "ಕನ್ನಡದಲ್ಲಿ ಬಂತಲ್ಲ, ಅದೇ ದೊಡ್ಡದು" ಅಂತ ಬೆನ್ನು ತಟ್ಟಿಕೊಳ್ಳೋದು ಇನ್ನಾದ್ರೂ ಸಾಕು.

ಹಾಗಾದ್ರೆ ಏನು ಮಾಡ್ಬೇಕು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ತುಂಬಿ ತುಳುಕ್ತಿದ್ರೆ ರ್ಯಾಮ್ ಬೇಕು. ಮೆಮೊರಿ ಖಾಲಿ ಇದ್ದೂ ಡಿಸ್ಕ್ ಸದಾ ನೂರು ಶೇಕಡಾ ತೋರಿಸ್ತಿದ್ರೆ ಎಸ್‌ಎಸ್‌ಡಿ ಬೇಕು. ಆನ್ ಆದ ಕೂಡ್ಲೇ ತಾವಾಗಿ ಏಳುವ ಪ್ರೋಗ್ರಾಮ್‌ಗಳನ್ನು ಅಲ್ಲೇ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಲ್ಲಿಸಬಹುದು, ಅದಕ್ಕೆ ದುಡ್ಡಿಲ್ಲ. ರ್ಯಾಮ್ ಬೆಸುಗೆ ಹಾಕಿ ಕೂರಿಸಿದ ಮಾಡೆಲ್ ಆಗಿದ್ರೆ ಬದಲಿಸಲಿಕ್ಕೆ ಬರೋದಿಲ್ಲ, ಕೊಳ್ಳುವ ಮುಂಚೆ ಕೇಳಿ. ವಿಂಡೋಸ್ ೧೦ಕ್ಕೆ ಮಾಮೂಲಿ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ, ಹಾಗಾಗಿ ಹಳೆ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕೋದೂ ಒಂದು ದಾರಿ.

ತಂಗಿಯ ಲ್ಯಾಪ್‌ಟಾಪಿಗೆ ಉಡುಪಿಯ ರಿಪೇರಿ ಅಂಗಡಿಯೊಂದರಲ್ಲಿ ಹಳೇ ನಾಲ್ಕು ಜಿಬಿ ರ್ಯಾಮ್ ಪಟ್ಟಿ ಸಿಕ್ತು. ಆ ಕಾರ್ಡಿಗೆ ಕೊಟ್ಟದ್ದಕ್ಕಿಂತ ನೂರೈವತ್ತು ರೂಪಾಯಿ ಜಾಸ್ತಿ, ಅಷ್ಟೇ. ದುಡ್ಡು ನಾನೇ ಕೊಟ್ಟೆ, ದಂಡ ಅಂದ್ಕೊಳ್ಳಿ. ಈಗ ನಾಲ್ಕೈದು ಟ್ಯಾಬ್ ತೆರೆದಿಟ್ಟು ಅಸೈನ್‌ಮೆಂಟ್ ಬರೀತಾಳೆ. ಆನ್ ಆಗೋದು ಇನ್ನೂ ನಿಧಾನವೇ, ಎಸ್‌ಎಸ್‌ಡಿ ಮುಂದಿನ ಸಂಬಳಕ್ಕೆ. ಆ ಮೆಮೊರಿ ಕಾರ್ಡ್ ಈಗ ಚಿಕ್ಕಮ್ಮನ ಮೊಬೈಲಿನಲ್ಲಿ ಯಕ್ಷಗಾನದ ವಿಡಿಯೋ ತುಂಬಿಕೊಂಡು ಸುಖವಾಗಿದೆ. ಅದು ಇರಬೇಕಾದ ಜಾಗ ಅದೇ :-)

ನನ್ನ ಹಾಗೆ ನಿಮ್ಮ ಬ್ಲಾಗಿನಲ್ಲೋ ಗ್ರೂಪಿನಲ್ಲೋ ಈ ಟಿಪ್ ಹಾಕಿದ್ದಿದ್ರೆ ಅಳಿಸೋದು ಬೇಡ. ಕೆಳಗೆ ಎರಡು ಸಾಲು ಸೇರಿಸಿ, ಪರೀಕ್ಷೆ ಮಾಡಿದ್ರೆ ಏನಾಯ್ತು ಅಂತ. ನಾನು ಗ್ರೂಪಿಗೆ ನಿನ್ನೆಯೇ ತಪ್ಪೊಪ್ಪಿಗೆ ಹಾಕಿ ಬಂದೆ.

ಏನಂತೀರಿ?