ಏಟನ್ನು ತಡೆಯುವ ಪಾಠ

ಈಚಿನ ವರುಷಗಳಲ್ಲಿ ಬಾಲಿಕೆಯರ ಪಾಠಶಾಲೆಗಳ ವಾರ್ಷಿಕೋತ್ಸವಕ್ಕೆ ಹೋದ ತಾಯಿತಂದೆಗಳು ಒಂದು ನೋಟವನ್ನು ಕಂಡೇ ಇರುವರು. ಬಿಳಿಯ ಉಡುಪನ್ನು ತೊಟ್ಟು ಸೊಂಟಕ್ಕೆ ಪಟ್ಟಿಯನ್ನು ಬಿಗಿದ ಹುಡುಗಿಯೊಬ್ಬಳು ವೇದಿಕೆಗೆ ಬಂದು, ಒಂದರ ಮೇಲೊಂದಾಗಿ ಇಟ್ಟ ಹೆಂಚುಗಳನ್ನು ಒಂದೇ ಏಟಿಗೆ ಒಡೆಯುತ್ತಾಳೆ. ಸಭೆಯೆಲ್ಲವೂ ಚಪ್ಪಾಳೆ ತಟ್ಟುತ್ತದೆ. ನಾವೂ ತಟ್ಟಿದ್ದೇವೆ. ಆದರೆ ಅದೇ ಹುಡುಗಿಯ ಮುಖದೆದುರಿಗೆ ಯಾರಾದರೂ ಥಟ್ಟನೆ ಕೈ ಬೀಸಿದರೆ ಅವಳೇನು ಮಾಡುವಳೆಂದು ವಿಚಾರಿಸಿ ನೋಡಿದವರು ವಿರಳ. ನಾವು ನೋಡಿದ ಮಟ್ಟಿಗೆ ಅವಳು ಕಣ್ಣು ಮುಚ್ಚುತ್ತಾಳೆ. ಹೆಂಚು ತಿರುಗಿ ಹೊಡೆಯುವುದಿಲ್ಲವಷ್ಟೆ.

ಹೆಣ್ಣುಮಕ್ಕಳಿಗೆ ಕರಾಟೆಯನ್ನು ಕಲಿಸುವುದಾದರೆ ಮೊದಲು, ಮತ್ತು ಬಹುಕಾಲ, ಕಲಿಸತಕ್ಕದ್ದು ಎದುರಿನ ಕೈಯಿಂದ ಬರುವ ಏಟನ್ನು ತಡೆಯುವ ಅಭ್ಯಾಸವೆಂದು ನಮ್ಮ ಅಭಿಪ್ರಾಯ. ಇದು ನಾವು ಹೊಸದಾಗಿ ಕಟ್ಟಿದ ಮಾತಲ್ಲ. ಈ ವಿದ್ಯೆ ಹುಟ್ಟಿದ್ದು ಜಪಾನಿನ ದಕ್ಷಿಣಕ್ಕಿರುವ ಓಕಿನಾವಾ ದ್ವೀಪದಲ್ಲಿ. ಅಲ್ಲಿನ ಇತೊಸು ಆಂಕೊ ಎಂಬ ಗುರುಗಳು ಇದನ್ನು ಪಾಠಶಾಲೆಗಳೊಳಕ್ಕೆ ತಂದವರಲ್ಲಿ ಪ್ರಮುಖರು. 1908ರಲ್ಲಿ ಇದರ ಪ್ರಯೋಜನಗಳನ್ನು ವಿವರಿಸಿ ಸರಕಾರಕ್ಕೆ ಪತ್ರವನ್ನೂ ಬರೆದರು. ಶಾಲೆಯ ಮಕ್ಕಳಿಗೆಂದೇ ಅವರು ರೂಪಿಸಿದ ಐದು ‘ಕತಾ’ಗಳು, ಎಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಪಾಠಗಳು, ಇಂದಿಗೂ ಬಳಕೆಯಲ್ಲಿವೆ. 1922ರಲ್ಲಿ ಈ ವಿದ್ಯೆಯನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ ಫುನಾಕೋಶಿ ಗಿಚಿನ್ ಅವರು ಆ ಐದಕ್ಕೆ ‘ಹೆಯಾನ್’ ಎಂದು ಹೆಸರಿಟ್ಟರು. ಐದರಲ್ಲಿ ಯಾವುದನ್ನು ತೆಗೆದುಕೊಂಡರೂ ಮೊದಲನೆಯ ಚಲನೆ ಗುದ್ದಲ್ಲ, ತಡೆ. ಕರಾಟೆಯಲ್ಲಿ ಮೊದಲ ಕೈ ನಮ್ಮದಾಗಕೂಡದೆಂದು ಫುನಾಕೋಶಿಯವರು ಶಿಷ್ಯರಿಗೆ ವಿಧಿಸಿದ್ದರು. ತಡೆಗೆ ಜಪಾನಿ ಭಾಷೆಯಲ್ಲಿ ‘ಉಕೆ’ ಎನ್ನುತ್ತಾರೆ. ‘ಸ್ವೀಕರಿಸು’ ಎಂಬುದೇ ಅದರ ಮೂಲಾರ್ಥ.

ಮುಖಕ್ಕೆ ಬರುವ ಮುಷ್ಟಿಯನ್ನು ತಡೆಯುವ ‘ಅಗೆ ಉಕೆ’ಯನ್ನೇ ನೋಡೋಣ. ಸೊಂಟದ ಬಳಿಯಿದ್ದ ಕೈ ಮೈಗೆ ಸಮೀಪವಾಗಿಯೇ ಮೇಲೇರುತ್ತದೆ. ಇನ್ನೊಂದು ಕೈ ಅದನ್ನು ಅಡ್ಡಹಾಯ್ದು ಸೊಂಟಕ್ಕೆ ಹಿಂದೆಗೆಯುತ್ತದೆ. ಕೊನೆಯ ಕ್ಷಣದಲ್ಲಿ ಮುಂದೋಳು ತಿರುಗಿ ಅಂಗೈಯ ಕಡೆ ಹೊರಮುಖವಾಗುತ್ತದೆ. ಹಣೆಯಿಂದ ಒಂದು ಮುಷ್ಟಿಯಷ್ಟು ದೂರದಲ್ಲಿ ಅದು ಓರೆಯಾಗಿ ನಿಲ್ಲಬೇಕು, ಮೊಣಕೈ ಮಣಿಕಟ್ಟಿಗಿಂತ ಕೆಳಗಿರಬೇಕು. ಹೀಗಿದ್ದರೆ ಬಂದ ಏಟು, ಇಳಿಜಾರಾದ ಸೂರಿನ ಮೇಲೆ ಮಳೆಯ ನೀರು ಜಾರುವಂತೆ, ಜಾರಿಹೋಗುತ್ತದೆ. ಕೈಯನ್ನು ಅಡ್ಡಗೋಲಿನಂತೆ ನೇರವಾಗಿ ಹಿಡಿದವಳು ಏಟಿನ ಭಾರವನ್ನೆಲ್ಲ ಎಲುಬಿನ ಮೇಲೆ ಹೊರುವಳು. ಹೊಟ್ಟೆಯ ಕೆಳಗಿನ ಏಟನ್ನು ಗುಡಿಸಿಹಾಕುವ ‘ಗೆದಾನ್ ಬರಾಯಿ’, ಎದೆಯ ಮಟ್ಟಕ್ಕೆ ಬರುವುದನ್ನು ಪಕ್ಕಕ್ಕೆ ಸರಿಸುವ ತಡೆಗಳು, ಇವಕ್ಕೂ ಇಂಥ ಲೆಕ್ಕಗಳುಂಟು. ಅವನ್ನು ಕಾಗದದ ಮೇಲೆ ಬರೆದು ಫಲವಿಲ್ಲ.

ಆದರೆ ಕೈಯ ಆಕಾರ ಬಂದಮಾತ್ರಕ್ಕೆ ತಡೆ ಬಂದಂತಾಗಲಿಲ್ಲ. ಕಣ್ಣು ಕಂಡುದಕ್ಕೆ ಕೈ ಉತ್ತರ ಕೊಡಲು ಮನುಷ್ಯಮಾತ್ರರಿಗೆ ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ತೋಳಳತೆಯೊಳಗೆ ನಿಂತವನ ಮುಷ್ಟಿ ಅಷ್ಟರೊಳಗೆ ಬಂದು ತಾಗಬಲ್ಲದು. ಆದುದರಿಂದ ತಡೆಯುವವಳ ಮೊದಲನೆಯ ರಕ್ಷೆ ಅಂತರ. ಎರಡನೆಯದು ಮುಷ್ಟಿಯನ್ನಲ್ಲದೆ ಎದುರಾಳಿಯ ಹೆಗಲನ್ನೂ ಎದೆಯನ್ನೂ ನೋಡುವ ರೂಢಿ, ಯಾತಕ್ಕೆಂದರೆ ಕೈಗಿಂತ ಮುಂಚೆ ಹೆಗಲು ಅಲುಗುತ್ತದೆ. ಇವೆರಡನ್ನೂ ಕಲಿಸುವುದಕ್ಕಾಗಿ ‘ಗೊಹೊನ್ ಕುಮಿತೆ’ ಎಂಬ ಜೋಡಿಪಾಠವಿದೆ. ಒಬ್ಬಳು ಎಲ್ಲಿಗೆ ಹೊಡೆಯುವಳೆಂದು ಮುಂಚಿತವಾಗಿ ಹೇಳಿ ಐದು ಹೆಜ್ಜೆ ಮುಂದಿಟ್ಟು ಐದು ಸಲ ಗುದ್ದುತ್ತಾಳೆ. ಇನ್ನೊಬ್ಬಳು ಅಷ್ಟೇ ಹೆಜ್ಜೆ ಹಿಂದೆ ಸರಿಯುತ್ತ ತಡೆಯುತ್ತಾಳೆ, ಐದನೆಯದಾದ ಮೇಲೆ ಮಾತ್ರ ಪ್ರತಿಯಾಗಿ ಗುದ್ದುತ್ತಾಳೆ. ನೋಡುವವರಿಗೆ ಇದರಷ್ಟು ಬೇಸರದ್ದು ಮತ್ತೊಂದಿಲ್ಲ. ಅದಕ್ಕೇ ಇದು ವೇದಿಕೆಯ ಮೇಲೆ ಬರುವುದಿಲ್ಲ.

ಇಲ್ಲೊಂದು ಮಾತನ್ನು ಮರೆಮಾಚದೆ ಹೇಳಬೇಕು. ಬೀದಿಯಲ್ಲಾಗಲಿ ಮನೆಯಲ್ಲಾಗಲಿ ಬರುವ ಏಟು ಎರಡು ಹೆಜ್ಜೆ ದೂರದಿಂದ ಹೆಸರು ಹೇಳಿಕೊಂಡು ನೇರವಾಗಿ ಬರುವುದಿಲ್ಲ. ಅದು ಬಹುಮಟ್ಟಿಗೆ ಹತ್ತಿರದಿಂದ ಬೀಸಿ ಬರುವ ಕೆನ್ನೆಯೇಟು, ಇಲ್ಲವೆ ಜಡೆಗೆ ಕೈಹಾಕಿದ ಮೇಲಿನ ಗುದ್ದು. ಪಾಠದ ಅಂದವಾದ ತಡೆ ಆಗ ಅದೇ ರೂಪದಲ್ಲಿ ಬಾರದು. ಎರಡು ತೋಳುಗಳೂ ಮುಖದ ಮುಂದಕ್ಕೆ ಏಳುವುದು, ಕಾಲು ಓರೆಯಾಗಿ ಸರಿಯುವುದು, ಕಣ್ಣು ತೆರೆದಿರುವುದು, ಗಂಟಲಿನಿಂದ ಕೂಗು ಹೊರಡುವುದು, ಇಷ್ಟು ಬಂದರೆ ಬಹಳವಾಯಿತು. ಆದುದರಿಂದ ಜೋಡಿಪಾಠ ಕುದುರಿದ ಮೇಲೆ ಬೀಸಿ ಬರುವ ಏಟನ್ನೂ ಹತ್ತಿರದ ಏಟನ್ನೂ ಶಿಕ್ಷಕರು ಮೆಲ್ಲಮೆಲ್ಲನೆ ಕೂಡಿಸಬೇಕು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳ ಬಾಲಿಕೆಯರಿಗೆ 3 ತಿಂಗಳ ಆತ್ಮರಕ್ಷಣೆಯ ಶಿಕ್ಷಣಕ್ಕೆ ಏರ್ಪಾಟಾಯಿತು. ಒಳ್ಳೆಯದೇ. ಆದರೆ ಅಷ್ಟು ಕಾಲದಲ್ಲಿ ಹತ್ತು ವರಸೆಗಳನ್ನು ತೋರಿಸುವುದಕ್ಕಿಂತ ಎರಡೇ ತಡೆಗಳನ್ನು ಸಾವಿರ ಸಲ ಮಾಡಿಸುವುದು ಲೇಸು.

ಮಗಳ ತೋಳು ಕಂದಿತೆಂದು ದೂರು ತರುವ ತಾಯಂದಿರುಂಟು. ಅವರ ನೋವನ್ನು ನಾವು ಬಲ್ಲೆವು. ಮುಖಕ್ಕೆ ಏಟು ತಾಗದಂತೆ ಮುಷ್ಟಿಯನ್ನು ಬೆರಳಳತೆ ದೂರದಲ್ಲಿ ನಿಲ್ಲಿಸಲು ಕಲಿಸದ ಶಿಕ್ಷಕರು ದೂರಿಗೆ ಅರ್ಹರೇ. ಸಾಧ್ಯವಿರುವಲ್ಲೆಲ್ಲ ಶಿಕ್ಷಕಿಯನ್ನೇ ನಿಯಮಿಸಬೇಕೆಂಬುದೂ ನ್ಯಾಯವಾದ ಬೇಡಿಕೆ. ಆದರೆ ಮುಂದೋಳಿನ ನಾಲ್ಕು ದಿನದ ಕಂದಿಗೆ ಹೆದರಿ ಜೋಡಿಪಾಠವನ್ನೇ ಬಿಡಿಸಿದರೆ ಉಳಿಯುವುದು ಹೆಂಚು ಮಾತ್ರ.

ಈ ಪಾಠದಲ್ಲಿ ನಾವು ಕಂಡ ಮತ್ತೊಂದು ಸಂಗತಿ ನಮ್ಮನ್ನು ಬಹುದಿನ ಕಾಡಿದೆ. ಜೊತೆಗಾತಿ ಕೈಯೆತ್ತಿದೊಡನೆ ಕೆಲವು ಹುಡುಗಿಯರು ಹಿಂದೆ ಸರಿಯುವುದಿಲ್ಲ, ಕೈಯನ್ನೂ ಎತ್ತುವುದಿಲ್ಲ. ಹೆಗಲನ್ನು ಕುಗ್ಗಿಸಿ, ಮುಖವನ್ನು ತಿರುಗಿಸಿ, ಏಟು ಮುಗಿಯುವುದನ್ನು ಕಾಯುತ್ತ ನಿಂತುಬಿಡುತ್ತಾರೆ. ಅವರಿಗೂ ಒಂದು ಪಾಠ ಚೆನ್ನಾಗಿ ಬಂದಿದೆ, ಆದರೆ ಅದು ಶಾಲೆಯಲ್ಲಿ ಕಲಿತದ್ದಲ್ಲ. ತಾಳಿಕೊಂಡು ಹೋಗೆಂದು ತಲೆಮಾರುಗಳಿಂದ ಹೇಳುತ್ತ ಬಂದವರಲ್ಲಿ ನಾವೂ ಸೇರಿದವರು. ಅಂಥ ಮಗುವನ್ನು ಗದರಿಸಕೂಡದು, ಸಾಲಿನ ಮುಂದೆ ನಿಲ್ಲಿಸಿ ನಗೆಗೀಡುಮಾಡಕೂಡದು. ತರಗತಿ ಮುಗಿದ ಬಳಿಕ ಉಪಾಧ್ಯಾಯಿನಿ ಅವಳನ್ನು ಬೇರೆಯಾಗಿ ಕರೆದು ಮಾತನಾಡಿಸಬೇಕು.

ಮನೆಯಲ್ಲಿಯೂ ಇದನ್ನು ಆರಂಭಿಸಬಹುದು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಮಕ್ಕಳೊಂದಿಗರಾದವರಿಗೆ ಇದೊಂದು ಬಿನ್ನಹ. ಹಳೆಯ ವೃತ್ತಪತ್ರಿಕೆಯನ್ನು ಸಡಿಲವಾಗಿ ಸುರುಳಿ ಸುತ್ತಿ, ಮಗಳನ್ನು ಒಂದು ಹೆಜ್ಜೆ ದೂರದಲ್ಲಿ ನಿಲ್ಲಿಸಿಕೊಂಡು, ಅವಳ ಹಣೆಯ ಕಡೆಗೆ ಬಹು ನಿಧಾನವಾಗಿ ತನ್ನಿರಿ. ಅವಳು ತಡೆಯಲಿ. ಕಣ್ಣು ಮುಚ್ಚಿದಳಾದರೆ ಇನ್ನೂ ನಿಧಾನವಾಗಿ ತನ್ನಿರಿ. ಆಮೇಲೆ ಸುರುಳಿಯನ್ನು ಅವಳ ಕೈಗೆ ಕೊಟ್ಟು ನೀವು ಎದುರಿಗೆ ನಿಲ್ಲಿರಿ.