ಸೆಟ್ಲ್ ಆದಳಾ?

‘ಮಗಳು ಸೆಟ್ಲ್ ಆದಳಾ?’ ಶಿವಗಂಗೆ ಜಾತ್ರೆಯಲ್ಲಿ ಸಿಕ್ಕರೂ ಮದುವೆಮನೆ ಪಂಕ್ತಿಯಲ್ಲಿ ಸಿಕ್ಕರೂ ನಮ್ಮ ಹೆಂಗಸರು ಮೊದಲು ಕೇಳುವುದು ಇದನ್ನೇ. ಮಗನ ವಿಷಯದಲ್ಲಿ ಈ ಮಾತಿಗೆ ನೌಕರಿ ಎಂದರ್ಥ. ಮಗಳ ವಿಷಯದಲ್ಲಿ ಮದುವೆ. ಒಂದೇ ಪದಕ್ಕೆ ಎರಡು ಅಳತೆಗೋಲು! ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ‘ಸೆಟ್ಲ್’ ಎಂದರೆ ಕೂರುವ ಪೀಠ. ‘ಸಿಟ್’ ಅದರ ಒಡಹುಟ್ಟು, ಸಂಸ್ಕೃತದ ‘ಸದ್’ ಧಾತು ಅದರ ದೂರದ ನೆಂಟ. ಸದನ, ಸಂಸತ್ತು, ಪರಿಷತ್ತು, ಸದಸ್ಯ ಎಲ್ಲವೂ ಆ ಧಾತುವಿನ ಮಕ್ಕಳೇ. ಕೂತು ಮಾತಾಡುವ, ತೀರ್ಮಾನ ಮಾಡುವ ಜಾಗಗಳು! ಅಂಥ ವಂಶದ ಪದ ನಮ್ಮ ಹುಡುಗಿಯರ ಪಾಲಿಗೆ ಮಾತ್ರ ‘ಗಂಡನ ಮನೆಯಲ್ಲಿ ತೆಪ್ಪಗೆ ಕೂತಿರು’ ಎಂದಾಯಿತಲ್ಲ! 2010ರಿಂದ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೂ ಸದಸ್ಯೆಯಾದವಳನ್ನು ‘ಸೆಟ್ಲ್ ಆದಳು’ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಂಗ್ಲಿಷನ್ನೇ ಬೈದು ಪ್ರಯೋಜನವಿಲ್ಲ. ಕನ್ನಡದಲ್ಲಿ ‘ನೆಲೆ ನಿಲ್ಲುವುದು’, ‘ತನ್ನ ಕಾಲ ಮೇಲೆ ನಿಲ್ಲುವುದು’ ಎಂಬ ಗಟ್ಟಿ ಮಾತುಗಳಿವೆ. ಅವನ್ನು ಗಂಡುಮಕ್ಕಳಿಗೆ ಕೊಟ್ಟು, ಹೆಣ್ಣುಮಕ್ಕಳಿಗೆ ‘ದಡ ಸೇರಿಸುವುದು’ ಎಂಬುದನ್ನು ಉಳಿಸಿದವರು ನಾವೇ. ಅವರೇನು ದೋಣಿಗೆ ತುಂಬಿದ ಸರಕೇ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ದುಡಿದು ತಮ್ಮನನ್ನು ಓದಿಸಿದಳು, ಮನೆಗೆ ತಾರಸಿ ಹಾಕಿಸಿದಳು. ಅವಳಿಗೀಗ 31. ತಮ್ಮ ಸೆಟ್ಲ್ ಆದನಂತೆ, ಅವಳಿನ್ನೂ ಆಗಿಲ್ಲವಂತೆ! ಅವಳ ಜೊತೆಯಲ್ಲೇ ಓದಿದ ಇನ್ನೊಬ್ಬಳು ಇಪ್ಪತ್ತಕ್ಕೇ ‘ಸೆಟ್ಲ್’ ಆಗಿ, ಎರಡೇ ವರ್ಷಕ್ಕೆ ಕೈಗೂಸಿನೊಡನೆ ತವರಿಗೆ ಬಂದಳು. ಇವರಲ್ಲಿ ನೆಲೆ ಕಂಡವಳು ಯಾರು, ನೀವೇ ಹೇಳಿ.

ಮದುವೆ ಬೇಡವೆಂದು ನಾನು ಹೇಳುತ್ತಿಲ್ಲ. ಮದುವೆಯೊಂದೇ ನೆಲೆಯಲ್ಲ ಎನ್ನುತ್ತಿದ್ದೇನೆ. ನಮ್ಮ ಬೆಟ್ಟದ ಮೇಲೆ ಬಂದವರಿಗೆಲ್ಲ ‘ಶಾಂತಲಾ ಡ್ರಾಪ್’ ತೋರಿಸುತ್ತಾರೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದು ಶಾಸನದ ಮಾತು. ಗಂಡುಸಂತಾನವಿಲ್ಲದ ಕೊರಗಿನಿಂದ ಹಾರಿದಳೆಂಬುದು ಜನರ ಕಥೆ. ಪಟ್ಟದ ರಾಣಿಯನ್ನೂ ನಾವು ಬಿಟ್ಟವರಲ್ಲ! ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅದನ್ನು ಎಷ್ಟು ಜನ ನೆನೆಯುತ್ತಾರೆ?

ಮುಂದಿನ ಸಲ ಯಾರದಾದರೂ ಮಗಳು ಎದುರಾದರೆ ‘ಏನು ಮಾಡ್ತಿದ್ದೀಯಮ್ಮ, ಚೆನ್ನಾಗಿದ್ದೀಯಾ?’ ಎಂದು ಅವಳನ್ನೇ ಕೇಳಿ. ಕೇಳಿದ ಮೇಲೆ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.